ಬೆಳವಲದ ಮೂಲಧನ

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕಂಪನಿ ಸರಕಾರದವರು ಅಮೇರಿಕದಿಂದ ತರಿಸಿದ ಹತ್ತಿಯ ಬೀಜವನ್ನು ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ ಬಿತ್ತಿಸಿ ನೋಡಿದಾಗ, ಆ ಬೆಳೆಯು ಇಲ್ಲಿಯ ಮಣ್ಣಿಗೆ ಒಗ್ಗಿ, ‘ಧಾರವಾಡ ಅಮೇರಿಕನ್’ ಎಂಬ ಹೆಸರಿನಿಂದ ಸಮುದ್ರದಾಚೆಯ ಗಿರಣಿಗಳವರೆಗೂ ಪ್ರಸಿದ್ಧಿಯನ್ನು ಪಡೆಯಿತು. 1880ರ ದಶಕದಲ್ಲಿ ರೈಲುದಾರಿಯು ಬಂದ ಮೇಲೆ ಗದಗವು ಹತ್ತಿಯ ದೊಡ್ಡ ಪೇಟೆಯಾಯಿತು. ಅರಳೆಯ ಅಂಡಿಗೆಗಳು ರೈಲನ್ನೇರಿ ಹೋದವು. ಅದೇ ಅರಳೆಯು ನೂಲಾಗಿ, ಬಟ್ಟೆಯಾಗಿ, ಹಲವು ಪಟ್ಟು ಬೆಲೆಯನ್ನು ಹೊತ್ತು ಪೇಟೆಗೆ ಮರಳಿತು. ನಡುವೆ ಏರಿದ ಬೆಲೆಯು ಮಾತ್ರ ಬೆಳೆದವನ ಮನೆಗೆ ಬರಲಿಲ್ಲ. ಇಂದು ಅದೇ ಸೀಮೆಯ ಮುಂಡರಗಿ, ಶಿರಹಟ್ಟಿಗಳ ಮಸಾರಿ ಊರುಗಳಿಂದಲೂ ಕಪ್ಪತಗುಡ್ಡದ ಮಗ್ಗುಲಿನ ತಾಂಡಾಗಳಿಂದಲೂ, ಮಳೆ ಕೈಕೊಟ್ಟ ವರ್ಷ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುವ ಸಂಸಾರಗಳನ್ನು ನೆನೆದಾಗ, ಅಂದು ಹತ್ತಿಯನ್ನು ಕಳುಹಿದಂತೆಯೇ ಇಂದು ಮನುಷ್ಯರನ್ನೂ ನಾವು ಹಿಂಜದೆ, ನೂಲದೆ ಹೊರಗೆ ಕಳುಹುತ್ತಿರುವೆವಲ್ಲ ಎಂಬ ವ್ಯಥೆಯು ಮನಸ್ಸನ್ನು ಕವಿಯುತ್ತದೆ.

ಮನುಷ್ಯನ ಅರಿವು, ಕೌಶಲ, ಆರೋಗ್ಯಗಳನ್ನು ಹೊಲದಂತೆ, ಯಂತ್ರದಂತೆ ಒಂದು ಬಂಡವಾಳವೆಂದೇ ಎಣಿಸಬೇಕೆಂದು ಅಮೇರಿಕದ ಅರ್ಥಶಾಸ್ತ್ರಜ್ಞ ಥಿಯೋಡರ್ ಷುಲ್ಟ್ಸ್ ಅವರು 1961ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಬಡ ರೈತನು ಬಡವನಾಗಿರುವುದು ಅವಿವೇಕದಿಂದಲ್ಲ, ತನಗೆ ದೊರೆತ ಅಲ್ಪವನ್ನು ಆತನು ಜಾಣತನದಿಂದಲೇ ಬಳಸುತ್ತಾನೆ, ಹೊಸ ವಿದ್ಯೆಯೂ ಹೊಸ ಸಾಧನವೂ ಆತನ ಬಳಿಗೆ ಬಾರದಿರುವುದೇ ದಾರಿದ್ರ್ಯದ ಮೂಲ ಎಂಬುದು ಮೂರು ವರ್ಷಗಳ ತರುವಾಯ ಅವರು ಬರೆದ ಗ್ರಂಥದ ಸಾರ. 1979ರಲ್ಲಿ ಆ ಪಂಡಿತರಿಗೆ ನೊಬೆಲ್ ಪಾರಿತೋಷಕವು ಸಂದಿತು. ಆದರೆ ಈ ಸಿದ್ಧಾಂತವು ಅಚ್ಚಿನಲ್ಲಿ ಮೂಡುವುದಕ್ಕೆ ಅರ್ಧ ಶತಮಾನದಷ್ಟು ಮೊದಲೇ, ಮನುಷ್ಯನನ್ನು ನಂಬಿ ಬಂಡವಾಳ ಹೂಡುವ ಎರಡು ಮಹತ್ಕಾರ್ಯಗಳು ಗದಗಿನ ಸೀಮೆಯಲ್ಲಿ ಆರಂಭವಾಗಿದ್ದವೆಂಬುದನ್ನು ನಾವು ಮರೆಯಲಾಗದು.

ಮೊದಲನೆಯದು ಗದಗಿಗೆ ಸಮೀಪದ ಕಣಗಿನಹಾಳದ್ದು. ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು 1904ರಲ್ಲಿ ಜಾರಿಗೆ ಬಂದ ಮರುವರ್ಷವೇ, 1905ರ ಮೇ 8ರಂದು, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿ ಹುಟ್ಟಿದ ಸಂಘವು ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಖ್ಯಾತವಾಗಿದೆ. ಬಿತ್ತನೆಯ ಕಾಲಕ್ಕೆ ಬೀಜಕ್ಕೂ ಎತ್ತಿಗೂ ಹಣವಿಲ್ಲದೆ ಸಾಹುಕಾರನ ಬಾಗಿಲಿಗೆ ಹೋಗಿ, ಬೆಳೆ ಬಂದಾಗ ಬೆಳೆಯನ್ನೂ, ಬಾರದಾಗ ಹೊಲವನ್ನೂ ಕಳೆದುಕೊಳ್ಳುತ್ತಿದ್ದ ಒಕ್ಕಲಿಗನ ಪಾಲಿಗೆ ಇದು ಹೊಸ ದಾರಿಯಾಯಿತು. ಜರ್ಮನಿಯ ಸಹಕಾರ ಪ್ರವರ್ತಕ ರೈಫೈಸನ್ನನ ಪದ್ಧತಿಯನ್ನು ಅನುಸರಿಸಿದ ಆ ಕಾಲದ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆಯು ಅಪರಿಮಿತವಾಗಿತ್ತು, ಎಂದರೆ ಒಬ್ಬನು ತಪ್ಪಿದರೆ ಉಳಿದವರೆಲ್ಲರೂ ತೆರಬೇಕಾಗಿತ್ತು. ಒಬ್ಬೊಬ್ಬನಾಗಿ ನಿಂತಾಗ ಪತ್ತೇ ಇಲ್ಲದವರು ಒಬ್ಬರಿಗೊಬ್ಬರು ಹೊಣೆಯಾಗಿ ನಿಂತೊಡನೆ ಸಾಲಕ್ಕೆ ಅರ್ಹರಾದರು. ನೆರೆಹೊರೆಯವರ ಪರಸ್ಪರ ವಿಶ್ವಾಸವೇ ಅಲ್ಲಿ ಅಡವಾಯಿತು.

ಎರಡನೆಯದು ಗದಗಿನ ವೀರೇಶ್ವರ ಪುಣ್ಯಾಶ್ರಮದ್ದು. ಹುಟ್ಟುಗುರುಡನಾಗಿದ್ದ ಗದಿಗೆಯ್ಯನೆಂಬ ಬಾಲಕನಲ್ಲಿ ಸಂಗೀತದ ಪ್ರತಿಭೆಯನ್ನು ಗುರುತಿಸಿ, ವಿದ್ಯೆಯನ್ನು ಕೊಡಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳಾಗಿ, ತಮಗೆ ದೊರೆತುದನ್ನು ತಮ್ಮಂತಹ ನೂರಾರು ಮಕ್ಕಳಿಗೆ ಹಂಚಿದರು. ಮೊದಲು ಊರೂರು ತಿರುಗುವ ಪಾಠಶಾಲೆಯಾಗಿ, ಶಿಷ್ಯರ ಹೊಟ್ಟೆ ತುಂಬಿಸುವುದಕ್ಕೆ ನಾಟಕ ಕಂಪನಿಯನ್ನೂ ಕಟ್ಟಿ, ಕೊನೆಗೆ ಗದಗಿನಲ್ಲಿ ನೆಲೆನಿಂತ ಆ ಆಶ್ರಮವು ಅಂಧರಿಗೂ ಅನಾಥರಿಗೂ ಜಾತಿಯನ್ನು ಕೇಳದೆ ಅನ್ನ, ವಸತಿ, ವಿದ್ಯೆಗಳನ್ನಿತ್ತಿತು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಬಳಿಕ ಹೊಣೆಯನ್ನು ಹೊತ್ತ ಪುಟ್ಟರಾಜ ಗವಾಯಿಗಳೂ ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡವರು. 2010ರಲ್ಲಿ ಪದ್ಮಭೂಷಣರಾಗಿ, ಅದೇ ವರ್ಷ ದೇಹವನ್ನು ಬಿಡುವವರೆಗೂ ಅವರು ಕಲಿಸುತ್ತಲೇ ಇದ್ದರು. ಲೋಕವು ಭಿಕ್ಷಾಪಾತ್ರೆಯ ಹೊರತು ಬೇರೇನನ್ನೂ ಕೊಡದಿದ್ದ ಮಗುವಿನ ಕೈಗೆ ತಬಲವನ್ನು, ಹಾರ್ಮೋನಿಯಮ್ಮನ್ನು, ಪಿಟೀಲನ್ನು ಕೊಟ್ಟು, ವರ್ಷಗಟ್ಟಲೆ ತಾಳ್ಮೆಯಿಂದ ತಿದ್ದಿದರೆ, ಆ ಮಗು ತನ್ನ ಅನ್ನವನ್ನು ತಾನೇ ಗಳಿಸುವ ಕಲಾವಿದನಾಗಿ ನಿಲ್ಲಬಲ್ಲುದು. ಮಾನವ ಬಂಡವಾಳವೆಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣವು ಮತ್ತೊಂದು ಬೇಕೆ?

ಆದರೆ ಕೌಶಲವೊಂದಿದ್ದರೆ ದಾರಿದ್ರ್ಯವು ತಾನಾಗಿಯೇ ತೊಲಗುವುದೆಂದು ನಂಬಿದರೆ ಅದೂ ಅರ್ಧಸತ್ಯವೇ. ಗದಗಿನ ಜೋಡಿ ಊರಾದ ಬೆಟಗೇರಿಯ ನೇಕಾರರ ಓಣಿಗಳಲ್ಲಿ ಕೌಶಲಕ್ಕೆ ಕೊರತೆಯಿಲ್ಲ. ಹಾಸು ಹೂಡುವುದು, ಲಾಳಿಯನ್ನು ಓಡಿಸುವುದು, ಅಂಚಿನ ಬುಟ್ಟಾವನ್ನು ಎತ್ತುವುದು, ಇವೆಲ್ಲ ತಂದೆಯಿಂದ ಮಗನಿಗೆ ಶಾಲೆಯಿಲ್ಲದೆ ಬಂದ ವಿದ್ಯೆಗಳು. ಆದರೆ ನೂಲು ಬೇರೊಬ್ಬನದಾಗಿ, ಮಾರಾಟವೂ ಬೇರೊಬ್ಬನ ಕೈಯಲ್ಲಿದ್ದಾಗ, ನೇಯುವವನು ತನ್ನ ಮನೆಯಲ್ಲಿಯೇ ಕೂಲಿಯವನಾಗುತ್ತಾನೆ. ಕಂಡಿಕೆ ಸುತ್ತುವ ಹೆಂಡತಿ, ತಾಯಿಯರ ದುಡಿಮೆಯಂತೂ ಸೀರೆಯ ಬೆಲೆಯೊಳಗೆ ಕರಗಿ, ಲೆಕ್ಕಕ್ಕೇ ಬಾರದೆ ಹೋಗುತ್ತದೆ. ವಿದ್ಯೆಯೊಂದಿಗೆ ಸ್ವಾಮ್ಯವು ಕೂಡದಿದ್ದರೆ ವಿದ್ಯೆಯ ಫಲವನ್ನು ಉಣ್ಣುವವರು ಬೇರೆಯವರು. ಸಂಪತ್ತಿನ ವಿಷಮತೆಯು ಬೇರುಬಿಡುವ ಸ್ಥಳವೇ ಇದು.

ವಿದ್ಯೆ, ಸ್ವಾಮ್ಯಗಳೆರಡೂ ಸಾಕಷ್ಟಿಲ್ಲದವರು ಗುಳೆ ಹೋಗುವವರು. ಮಳೆಯನ್ನೇ ನಂಬಿದ ಒಂದೆರಡು ಎಕರೆ ಹೊಲವೇ ಅವರ ಸರ್ವಸ್ವ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಕಂಪನಿಯ ಉಕ್ಕಿನ ಕಾರಖಾನೆಗೆ ಭೂಮಿಯನ್ನು ಕೊಡಲಾರೆವೆಂದು ರೈತರು ಎದ್ದುನಿಂತಾಗ, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಅವರ ಮುಂದೆ ನಿಂತರು, ಸರಕಾರವು ಯೋಜನೆಯನ್ನು ಕೈಬಿಟ್ಟಿತು. ಕಾರಖಾನೆಯ ಕೆಲಸಕ್ಕೆ ಬೇಕಾದ ಶಿಕ್ಷಣವನ್ನು ಕೊಡದೆ, ಇದ್ದೊಂದು ಮಣ್ಣನ್ನೂ ಕೇಳಿದರೆ ರೈತನು ಏನನ್ನು ನಂಬಿ ಬದುಕಬೇಕು? ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಎಣಿಸಿತು. ಆದರೆ ತಾಲ್ಲೂಕಿನ ಸರಾಸರಿಯ ಹಿಂದೆ ಮರೆಯಾಗುವ ವಿಷಮತೆಯು ಇನ್ನೂ ಕ್ರೂರವಾದುದು. ಪುಲಿಗೆರೆಯೆಂದು ಹಳಗನ್ನಡದ ಕಾಲದಿಂದ ಕೀರ್ತಿವಡೆದ ಲಕ್ಷ್ಮೇಶ್ವರದ ಪೇಟೆಯಲ್ಲಿ ವ್ಯಾಪಾರವು ಬೆಳೆದರೂ, ಅದರ ಸುತ್ತಣ ಹಳ್ಳಿಯ ಕೂಲಿಕಾರನ ಮಗುವಿಗೆ ಅದರಿಂದ ಒಂದು ತರಗತಿಯ ಓದೂ ಹೆಚ್ಚಾಗಲಾರದು. ತಂದೆತಾಯಿಗಳು ಗುಳೆ ಹೋದ ತಿಂಗಳುಗಳಲ್ಲಿ ಜೊತೆಗೆ ಹೋದ ಮಗು ಕಟ್ಟಡದ ಮರಳಿನ ಗುಡ್ಡೆಯ ಮೇಲೆ ಬೆಳೆಯುತ್ತದೆ. ಊರಲ್ಲಿ ಉಳಿದ ಮಗು ಮುಪ್ಪಿನ ಅಜ್ಜಿಯ ಆಸರೆಯಲ್ಲಿ ಶಾಲೆಯನ್ನು ತಪ್ಪಿಸುತ್ತದೆ. ಹೀಗೆ ತಂದೆಯ ಬಡತನವು ಮಗನಿಗೆ ಪಿತ್ರಾರ್ಜಿತವಾಗುತ್ತದೆ.

ಆದುದರಿಂದ ಮಾಡತಕ್ಕ ಕಾರ್ಯವು ಅಸ್ಪಷ್ಟವಾದುದಲ್ಲ. ಗುಳೆಯ ತಿಂಗಳುಗಳಲ್ಲಿ ಮಕ್ಕಳು ಊರಲ್ಲಿಯೇ ಉಂಡು, ಮಲಗಿ, ಓದುವಂತಹ ವಸತಿಶಾಲೆಗಳು ಪ್ರತಿ ತಾಂಡಾದಿಂದ ನಡೆದುಹೋಗುವ ದೂರದಲ್ಲಿರಬೇಕು. ಹೊಲವಿದ್ದವನಿಗೆ ಸಾಲ ಕೊಡುವ ಸಹಕಾರ ಸಂಘವು ಹೊಲವಿಲ್ಲದವನನ್ನೂ, ಕೂಲಿಯ ಹೆಣ್ಣುಮಗಳನ್ನೂ ಸದಸ್ಯರನ್ನಾಗಿ ಅಪ್ಪಿಕೊಳ್ಳಬೇಕು. ನೇಕಾರನ ನೂಲೂ ಮಾರುಕಟ್ಟೆಯೂ ನೇಕಾರರದೇ ಸಂಘದ ಕೈಗೆ ಬರಬೇಕು. ಇದಕ್ಕೆ ತಗಲುವ ವೆಚ್ಚವನ್ನು ದಾನವೆಂದು ಬರೆಯುವ ಲೆಕ್ಕಪದ್ಧತಿಯೇ ಮೊದಲು ಬದಲಾಗತಕ್ಕುದು; ಏಕೆಂದರೆ ಬಾವಿ ತೋಡಿದಂತೆ, ರಸ್ತೆ ಕಟ್ಟಿದಂತೆ, ಮಗುವನ್ನು ಓದಿಸುವುದೂ ಹೂಡಿಕೆಯೇ. ಆದರೆ ಮನುಷ್ಯನು ಹೆಚ್ಚು ಗಳಿಸಬಲ್ಲನೆಂಬ ಒಂದೇ ಕಾರಣಕ್ಕೆ ಆತನಿಗೆ ವಿದ್ಯೆ ಸಲ್ಲಬೇಕಾದುದಲ್ಲ. ಆತನು ಮನುಷ್ಯನಾಗಿರುವುದರಿಂದಲೇ ಅದು ಸಲ್ಲತಕ್ಕದ್ದು. ಗಳಿಕೆಯು ಅದರ ಫಲ, ಹಕ್ಕು ಅದರ ಬೇರು. ಹಣವಿಲ್ಲದ ಒಕ್ಕಲಿಗರನ್ನು ಸಾಲಕ್ಕೆ ಅರ್ಹರೆಂದೂ, ಕಣ್ಣಿಲ್ಲದ ಮಕ್ಕಳನ್ನು ವಿದ್ಯೆಗೆ ಅರ್ಹರೆಂದೂ ನಂಬಿ ನಡೆದ ಈ ನಾಡಿಗೆ, ಗುಳೆ ಹೋಗುವವರ ಮಕ್ಕಳನ್ನೂ ಹಾಗೆಯೇ ನಂಬುವುದು ಅಸಾಧ್ಯವೇನೂ ಅಲ್ಲ.