ನೆಲದ ಬಿಸಿ ಬಾನಿಗೆ ತಿಳಿಯುವ ಬಗೆ

ಇರಾನಿನ ಲೂಟ್ ಮರುಭೂಮಿಯ ಒಡಲಲ್ಲಿ ತಾಪಮಾಪಕ ಇಟ್ಟು ದಿನವೂ ಓದುವವರಿಲ್ಲ. ಆದರೂ 2005ರಲ್ಲಿ ಅಲ್ಲಿನ ನೆಲ 70.7 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿತ್ತೆಂದು ನಮಗೆ ಗೊತ್ತು. ಅದನ್ನು ಅಳೆದದ್ದು 705 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದ್ದ ನಾಸಾದ ಆಕ್ವಾ ಉಪಗ್ರಹದ ಮೋಡಿಸ್ ಉಪಕರಣ.

ಮಣ್ಣು, ನೀರು, ಎಲೆ, ಹೆಂಚು ಎಲ್ಲವೂ ಹಗಲಿರುಳೂ ಅವಗೆಂಪು ಕಿರಣಗಳನ್ನು ಸೂಸುತ್ತಲೇ ಇರುತ್ತವೆ. ಬಿಸಿ ಏರಿದಷ್ಟೂ ಸೂಸುವಿಕೆ ಹೆಚ್ಚು. 27 ಡಿಗ್ರಿಯ ನೆಲದಿಂದ ಹೊರಡುವ ಕಿರಣಗಳು ಸುಮಾರು 10 ಮೈಕ್ರೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ ಅತಿ ಪ್ರಬಲ. ಅದೃಷ್ಟಕ್ಕೆ, 8ರಿಂದ 14 ಮೈಕ್ರೋಮೀಟರ್‌ವರೆಗಿನ ಬಹುಪಾಲು ಕಿರಣಗಳಿಗೆ ನಮ್ಮ ವಾತಾವರಣ ದಾರಿ ಬಿಡುತ್ತದೆ. ಹೀಗೆ ಮೇಲೇರಿದ ಕಿರಣದ ತೀವ್ರತೆಯನ್ನು ಅಳೆದರೆ, ಮ್ಯಾಕ್ಸ್ ಪ್ಲಾಂಕ್ 1900ರಲ್ಲಿ ಕೊಟ್ಟ ಸೂತ್ರದಿಂದ ತಾಪಮಾನವನ್ನು ಲೆಕ್ಕಹಾಕಬಹುದು.

ಈ ಲೆಕ್ಕಕ್ಕೆ ಎರಡು ತೊಡಕುಗಳಿವೆ. ಮೊದಲನೆಯದು ಗಾಳಿಯಲ್ಲಿರುವ ನೀರಾವಿ. ಅದು ಕಿರಣಗಳನ್ನು ಒಂದಿಷ್ಟು ಹೀರಿಕೊಳ್ಳುತ್ತದೆ; 11 ಮೈಕ್ರೋಮೀಟರ್‌ಗಿಂತ 12ರಲ್ಲಿ ಹೆಚ್ಚು ಹೀರುತ್ತದೆ. ಆದ್ದರಿಂದ ಎರಡೂ ಕಡೆ ಅಳೆದು, ಸಿಕ್ಕ ವ್ಯತ್ಯಾಸದಿಂದ ನೀರಾವಿಯ ಪಾಲನ್ನು ಅಂದಾಜಿಸಿ ತಿದ್ದುತ್ತಾರೆ. ಎರಡನೆಯದು ವಸ್ತುವಿನ ಸ್ವಭಾವ. ನೀರು ತನ್ನ ಬಿಸಿಗೆ ತಕ್ಕಷ್ಟನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಸೂಸುತ್ತದೆ. ಹೊಳೆಯುವ ಲೋಹದ ತಗಡು ತೀರಾ ಕಡಿಮೆ ಸೂಸುತ್ತದೆ. ಇದನ್ನು ಸರಿದೂಗಿಸದಿದ್ದರೆ ಕಾದ ತಗಡಿನ ಸೂರು ನಕ್ಷೆಯಲ್ಲಿ ತಣ್ಣಗೆ ಕಾಣುತ್ತದೆ. ಇನ್ನು ಮೋಡ ಕವಿದರೆ ನೆಲ ಕಾಣುವುದೇ ಇಲ್ಲ, ಮೋಡದ ನೆತ್ತಿಯ ತಾಪಮಾನವಷ್ಟೇ ಸಿಗುತ್ತದೆ.

ಯಾವ ಉಪಗ್ರಹವೂ ಎಲ್ಲವನ್ನೂ ಕೊಡಲಾರದು. ಲ್ಯಾಂಡ್‌ಸ್ಯಾಟ್ 8 ನೆಲವನ್ನು 100 ಮೀಟರ್ ತುಣುಕುಗಳಾಗಿ ನೋಡುತ್ತದೆ, ಆದರೆ ಅದೇ ಜಾಗಕ್ಕೆ ಮರಳುವುದು 16 ದಿನಕ್ಕೊಮ್ಮೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ಇನ್ಸಾಟ್-3ಡಿಆರ್ ಅರ್ಧ ಗಂಟೆಗೊಮ್ಮೆ ಚಿತ್ರ ಕೊಡಬಲ್ಲದು, ಆದರೆ ಅದರ ಒಂದು ತುಣುಕು 4 ಕಿಲೋಮೀಟರ್ ಅಗಲ.

ಇಲ್ಲಿ ಒಂದು ಎಚ್ಚರ ಅಗತ್ಯ. ಹವಾಮಾನ ವರದಿಯ ತಾಪಮಾನ ನೆರಳಿನ ಪೆಟ್ಟಿಗೆಯಲ್ಲಿ, ಆಳೆತ್ತರದ ಗಾಳಿಯಲ್ಲಿ ಅಳೆದದ್ದು. ಉಪಗ್ರಹ ಹೇಳುವುದು ನೆಲದ ಮೈಯ ಬಿಸಿಯನ್ನು. ಬೇಸಿಗೆಯ ಮಧ್ಯಾಹ್ನ ಬರಡು ನೆಲ ಗಾಳಿಗಿಂತ 20 ಡಿಗ್ರಿ ಹೆಚ್ಚು ಕಾದಿರಬಹುದು. ಎರಡನ್ನೂ ಒಂದೇ ಎಂದುಕೊಂಡು ‘ದಾಖಲೆ ಸೆಕೆ’ ಎಂದು ಬರೆಯುವುದು ತಪ್ಪು.

ಹಾಗೆಂದು ನೆಲದ ಬಿಸಿ ಕಡಿಮೆ ಮುಖ್ಯವೇನಲ್ಲ. ನೀರು ಸಾಲದ ಬೆಳೆ ಬೆವರುವುದನ್ನು ತಗ್ಗಿಸುತ್ತದೆ, ಅದರ ಎಲೆ ಕಾಯುತ್ತದೆ. ಕಣ್ಣಿಗೆ ಬಾಡಿದಂತೆ ಕಾಣುವ ಮೊದಲೇ ಈ ಬದಲಾವಣೆಯನ್ನು ಅವಗೆಂಪು ಕಿರಣಗಳಲ್ಲಿ ಗುರುತಿಸಬಹುದು. ನಗರದಲ್ಲಿ ಯಾವ ಬಡಾವಣೆಗೆ ಮರಗಳ ನೆರಳು ತುರ್ತಾಗಿ ಬೇಕೆಂಬುದೂ ಈ ನಕ್ಷೆಗಳಿಂದ ತಿಳಿಯುತ್ತದೆ. ಲ್ಯಾಂಡ್‌ಸ್ಯಾಟ್ ಮಾಹಿತಿ ಎಲ್ಲರಿಗೂ ಉಚಿತ. ಗಿಡ ನೆಡುವ ಜಾಗವನ್ನು ಆರಿಸುವ ಮುನ್ನ ನಗರಪಾಲಿಕೆಗಳು ಅದನ್ನು ತೆರೆದು ನೋಡಲೇಬೇಕು.