ಪಡಿತರದ ಸಕ್ಕರೆ ಹೇಳಿದ ಪಾಠ

ಎರಡನೇ ಮಹಾಯುದ್ಧ ಮುಗಿದು ಎಂಟು ವರ್ಷಗಳಾದ ಮೇಲೆ, 1953ರ ಸೆಪ್ಟೆಂಬರ್ ತಿಂಗಳಲ್ಲಿ ಬ್ರಿಟನ್ ಸರ್ಕಾರ ಸಕ್ಕರೆಯ ಪಡಿತರವನ್ನು ರದ್ದುಮಾಡಿತು. ಹದಿಮೂರು ವರ್ಷಗಳಿಂದ ಅಳೆದು ಸುರಿದು ಬಳಸುತ್ತಿದ್ದ ಜನ ಹಿಗ್ಗಿದರು. ಆದರೆ ಆಗ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದ, ತೊಟ್ಟಿಲಲ್ಲಿದ್ದ ಕೂಸುಗಳ ಮೇಲೆ ಆ ಒಂದು ಆದೇಶ ಎಂಥ ಪರಿಣಾಮ ಬೀರಿತು ಎಂಬುದು ತಿಳಿಯಲು ಎಪ್ಪತ್ತು ವರ್ಷಗಳೇ ಬೇಕಾದವು.

ಬ್ರಿಟನ್ ದ್ವೀಪರಾಷ್ಟ್ರ. ಅದರ ಸಕ್ಕರೆಯ ದೊಡ್ಡ ಪಾಲು ಹಡಗಿನಲ್ಲೇ ಬರಬೇಕಾಗಿತ್ತು. ಯುದ್ಧದಿಂದ ಸಾಗಣೆ ದುಸ್ತರವಾಗಿ 1940ರ ಜನವರಿಯಲ್ಲಿ ಬೆಣ್ಣೆ, ಹಂದಿಮಾಂಸಗಳ ಜೊತೆಗೆ ಸಕ್ಕರೆಗೂ ಪಡಿತರ ಬಂತು. ತಲೆಗೆ ವಾರಕ್ಕೆ ಸುಮಾರು 8 ಔನ್ಸ್, ಅಂದರೆ ಕಾಲು ಕಿಲೋಗೂ ಸ್ವಲ್ಪ ಕಡಿಮೆ. 1942ರಲ್ಲಿ ಮಿಠಾಯಿ, ಚಾಕೊಲೇಟುಗಳೂ ಪಡಿತರಕ್ಕೆ ಸೇರಿದವು. 1949ರಲ್ಲಿ ಮಿಠಾಯಿಯ ಮೇಲಿನ ನಿರ್ಬಂಧ ಸಡಿಲಿಸಿದಾಗ ಅಂಗಡಿಗಳು ಬರಿದಾಗಿ, ನಾಲ್ಕೇ ತಿಂಗಳಲ್ಲಿ ಮತ್ತೆ ಹೇರಬೇಕಾಯಿತು! ಹಾಗೆಂದು ಇದು ಉಪವಾಸವಲ್ಲ. ಗರ್ಭಿಣಿಯರಿಗೆ ಹಸಿರು ಬಣ್ಣದ ಪ್ರತ್ಯೇಕ ಪಡಿತರ ಪುಸ್ತಕವಿತ್ತು. ಅವರಿಗೂ ಮಕ್ಕಳಿಗೂ ಹಾಲು, ಕಿತ್ತಳೆ ರಸ, ಕಾಡ್ ಮೀನಿನ ಎಣ್ಣೆ ದೊರೆಯುತ್ತಿದ್ದವು.

ಪಡಿತರ ಹೋದ ಕೂಡಲೇ ಒಬ್ಬ ವಯಸ್ಕನ ದಿನದ ಸಕ್ಕರೆ ಸರಾಸರಿ 40 ಗ್ರಾಂನಿಂದ 80 ಗ್ರಾಂಗೆ ಜಿಗಿಯಿತು. ಉಳಿದ ಆಹಾರದಲ್ಲಿ ಅಂಥ ದಿಢೀರ್ ಬದಲಾವಣೆ ಆಗಲಿಲ್ಲ. ಸಂಶೋಧಕರಿಗೆ ಬೇಕಾಗಿದ್ದುದು ಇದೇ. ತಡೇಯಾ ಗ್ರಾಚ್ನರ್, ಕ್ಲೇರ್ ಬೂನ್, ಪಾಲ್ ಗರ್ಟ್ಲರ್ ಎಂಬ ಮೂವರು 1951ರಿಂದ 1956ರ ನಡುವೆ ಹುಟ್ಟಿದ ಸುಮಾರು 60 ಸಾವಿರ ಜನರ ಆರೋಗ್ಯದ ದಾಖಲೆಗಳನ್ನು ಹೋಲಿಸಿ ನೋಡಿದರು. ಗರ್ಭ ನಿಂತಂದಿನಿಂದ ಎರಡನೇ ಹುಟ್ಟುಹಬ್ಬದವರೆಗಿನ ಸುಮಾರು ಒಂದು ಸಾವಿರ ದಿನಗಳನ್ನು ಪಡಿತರದ ಕಾಲದಲ್ಲಿ ಕಳೆದವರು ಒಂದು ಕಡೆ, ಪಡಿತರ ಹೋದ ಮೇಲೆ ಗರ್ಭ ಸೇರಿದವರು ಇನ್ನೊಂದು ಕಡೆ.

2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರ ಗಮನ ಸೆಳೆಯಿತು. ಮೊದಲ ಗುಂಪಿನವರಲ್ಲಿ ಮಧ್ಯವಯಸ್ಸಿನ ಮಧುಮೇಹದ ಸಂಭವ ಸುಮಾರು ಶೇ 35ರಷ್ಟು, ರಕ್ತದೊತ್ತಡದ ಸಂಭವ ಶೇ 20ರಷ್ಟು ಕಡಿಮೆ. ಕಾಯಿಲೆ ಬಂದವರಲ್ಲೂ ಮಧುಮೇಹ ನಾಲ್ಕು ವರ್ಷ, ರಕ್ತದೊತ್ತಡ ಎರಡು ವರ್ಷ ತಡವಾಗಿ ಕಾಣಿಸಿಕೊಂಡಿತು. ಈ ರಕ್ಷಣೆಯಲ್ಲಿ ಮೂರನೇ ಒಂದು ಪಾಲು ಗರ್ಭವಾಸದ ದಿನಗಳದ್ದೇ. ಯಾವ ತಾಯಿ ಎಷ್ಟು ಸಕ್ಕರೆ ತಿಂದಳು ಎಂಬ ಲೆಕ್ಕ ಇಲ್ಲಿಲ್ಲ, ಇರುವುದು ಹುಟ್ಟಿದ ದಿನಾಂಕಗಳ ಹೋಲಿಕೆ ಮಾತ್ರ. ಆದರೂ ಇಷ್ಟು ದೊಡ್ಡ ಅಂತರವನ್ನು ಕಡೆಗಣಿಸುವಂತಿಲ್ಲ.

ಇದು ಹೇಗೆ ಸಾಧ್ಯ? ತಾಯಿಯ ರಕ್ತದ ಗ್ಲೂಕೋಸ್ ಮಾಸಿನ ಮೂಲಕ ಮಗುವನ್ನು ಸೇರುತ್ತದೆ. ಆಕೆಯ ಇನ್ಸುಲಿನ್ ಸೇರುವುದಿಲ್ಲ. ಹೀಗಾಗಿ ತಾಯಿಯಲ್ಲಿ ಸಕ್ಕರೆ ಏರಿದಾಗ ಅದನ್ನು ಸಂಭಾಳಿಸುವ ಹೊರೆ ಇನ್ನೂ ಹುಟ್ಟದ ಮಗುವಿನ ಮೇದೋಜೀರಕ ಗ್ರಂಥಿಯ ಮೇಲೆ ಬೀಳುತ್ತದೆ. ಅದು ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ, ಮಗುವಿನ ಮೈಯಲ್ಲಿ ಕೊಬ್ಬು ಸೇರುತ್ತದೆ. ರುಚಿಯ ಪಾಠವೂ ಬೇಗ ಶುರುವಾಗುತ್ತದೆ. ತಾಯಿ ತಿಂದುದರ ರುಚಿ ಗರ್ಭಜಲದಲ್ಲಿಯೂ ಎದೆಹಾಲಿನಲ್ಲಿಯೂ ಇರುತ್ತದೆ. ಮಗು ಹುಟ್ಟುತ್ತಲೇ ಸಿಹಿಯನ್ನು ಮೆಚ್ಚುತ್ತದೆ. ಕಲಿಯಬೇಕಾದುದು ಉಳಿದ ರುಚಿಗಳನ್ನು.

ಹಾಗಾದರೆ ಬಸುರಿಯ ಊಟ ಕಡಿಮೆಯಾದಷ್ಟೂ ಒಳ್ಳೆಯದೇ? ಖಂಡಿತ ಅಲ್ಲ. 1944–45ರ ಚಳಿಗಾಲದಲ್ಲಿ ಜರ್ಮನ್ ದಿಗ್ಬಂಧನದಿಂದ ಹಾಲೆಂಡಿನ ಪಶ್ಚಿಮ ಭಾಗದಲ್ಲಿ ಕ್ಷಾಮ ಬಂದಿತ್ತು. ಆಗ ಗರ್ಭದಲ್ಲಿದ್ದವರಿಗೆ ಐವತ್ತರ ವಯಸ್ಸಿನಲ್ಲಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಶಕ್ತಿ ಕುಂದಿರುವುದು ಕಂಡುಬಂತು. ಕೊರತೆಯೂ ಕೇಡು, ಅತಿಯೂ ಕೇಡು.

ಈ ಎರಡೂ ಮಾತಿಗೆ ಮೈಸೂರು ಸಾಕ್ಷಿ ಒದಗಿಸಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಶಿಶುಗಳ ಜನನ ತೂಕದ ದಾಖಲೆಗಳನ್ನು ಜೋಪಾನ ಮಾಡಿಟ್ಟಿತ್ತು. ವಯಸ್ಕರ ರೋಗಗಳ ಬೇರು ಗರ್ಭದಲ್ಲಿದೆ ಎಂದು ವಾದಿಸಿದ ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಅವರ ತಂಡ 1990ರ ದಶಕದಲ್ಲಿ ಆ ದಾಖಲೆಗಳ ಜಾಡು ಹಿಡಿಯಿತು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಮುಂದೆ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ವರದಿಯಾಯಿತು. ಅದೇ ಆಸ್ಪತ್ರೆಯಲ್ಲಿ 1997ರಲ್ಲಿ ಇನ್ನೊಂದು ಅಧ್ಯಯನ ಆರಂಭವಾಯಿತು. ಬಸುರಿನಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತು–ಹತ್ತನೇ ವಯಸ್ಸಿಗೇ ಕೊಬ್ಬು ಹೆಚ್ಚಿ, ಇನ್ಸುಲಿನ್ನಿನ ಪ್ರಭಾವ ತಗ್ಗಿರುವುದು ಅದರಿಂದ ತಿಳಿಯಿತು.

ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯಂತೆ, ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ಮೇಲಿನಿಂದ ಬೆರೆಸಿದ ಸಕ್ಕರೆ 50 ಗ್ರಾಂ ಮೀರಬಾರದು. 25 ಗ್ರಾಂಗೆ ಇಳಿದರೆ ಇನ್ನೂ ಮೇಲು. ಯುದ್ಧಕಾಲದ ಪಡಿತರ ಈ ಮಿತಿಯೊಳಗೇ ಇತ್ತು. ಈಗ 300 ಮಿ.ಲೀ. ಕೋಲಾದಲ್ಲೇ ಸುಮಾರು 30 ಗ್ರಾಂ ಸಕ್ಕರೆಯಿರುತ್ತದೆ. ಬೆಲ್ಲ, ಜೇನು ‘ಸಹಜ’ವೆಂಬ ಮಾತಿನಿಂದ ಈ ಲೆಕ್ಕ ಬದಲಾಗದು. ಹಸುಗೂಸಿನ ನಾಲಗೆಗೆ ಜೇನು ಹಚ್ಚುವ ರೂಢಿಯಂತೂ ಅಪಾಯಕಾರಿ. ಒಂದು ವರ್ಷ ತುಂಬದ ಮಕ್ಕಳಿಗೆ ಜೇನಿನಲ್ಲಿರಬಹುದಾದ ಸೂಕ್ಷ್ಮಾಣುವಿನಿಂದ ಬಾಟ್ಯುಲಿಸಂ ತಗಲಬಹುದು. ಕೃತಕ ಸಿಹಿಕಾರಕಗಳಿಗೆ ಹೊರಳುವುದೂ ಪರಿಹಾರವಲ್ಲ. ತೂಕ ಇಳಿಸಲು ಅವನ್ನು ನೆಚ್ಚಬೇಡಿ ಎಂದು ಅದೇ ಸಂಸ್ಥೆ 2023ರಲ್ಲಿ ಹೇಳಿದೆ. ಆದರೆ ಈಗಾಗಲೇ ಮಧುಮೇಹವಿರುವವರಿಗೆ ಆ ಸಲಹೆ ಅನ್ವಯಿಸದು. ಅವರು ವೈದ್ಯರ ಮಾತು ಕೇಳುವುದೇ ಸರಿ.

ಬಯಕೆಯ ಹೋಳಿಗೆಯನ್ನು ಬಸುರಿಯ ಎಲೆಯಿಂದ ಎತ್ತಿಬಿಡಬೇಕೆಂದು ಇದರರ್ಥವಲ್ಲ. ಹಬ್ಬದ ಸಿಹಿ ಹಬ್ಬಕ್ಕಿರಲಿ, ದಿನದ ಕಾಫಿಗೆ ಸಕ್ಕರೆ ಒಂದು ಚಮಚ ಕಡಿಮೆಯಾಗಲಿ. ಕೂಸಿನ ರಾಗಿ ಸರಿಗೆ ಬೆಲ್ಲ ಬೀಳದಿದ್ದರೆ ಅದು ರಾಗಿಯ ರುಚಿಯನ್ನೇ ಕಲಿಯುತ್ತದೆ. ಬ್ರಿಟನ್ನಿನ ತಾಯಂದಿರಿಗೆ ಈ ಮಿತಿಯನ್ನು ಸರ್ಕಾರ ಹೇರಿತ್ತು, ಅದರ ಲಾಭ ಅವರಿಗೆ ಗೊತ್ತಿರಲಿಲ್ಲ. ಈಗಿನ ತಾಯಂದಿರಿಗೆ ಲಾಭ ಗೊತ್ತಿದೆ. ಮಿತಿಯನ್ನು ಮಾತ್ರ ಮನೆಯವರೆಲ್ಲ ಸೇರಿ ಹಾಕಿಕೊಳ್ಳಬೇಕಾಗಿದೆ.