ತೀರ್ಪು ಸಿಕ್ಕಿತು, ಅದು ಇಂದಿಗೂ ನಿಂತಿದೆಯೇ?

ಪಿಯುಸಿ ಫಲಿತಾಂಶ ಬಂದೊಡನೆ ಮನೆಮನೆಯಲ್ಲೂ ಡಾಕ್ಟರು, ಎಂಜಿನಿಯರು ಎಂಬ ಮಾತೇ ನಡೆಯುತ್ತದೆ. ಇವುಗಳ ನಡುವೆ ಐದು ವರ್ಷದ ಕಾನೂನು ಪದವಿಯನ್ನು ಆರಿಸಿಕೊಳ್ಳುವ ಮಕ್ಕಳೂ ಇದ್ದಾರೆ. ನಮ್ಮ ಭಾಗದವರು ಇದಕ್ಕಾಗಿ ದೂರ ಹೋಗಬೇಕಿಲ್ಲ. ಕರ್ನಾಟಕ ಲಾ ಸೊಸೈಟಿಯ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯ ಬೆಳಗಾವಿಯಲ್ಲಿ ಆರಂಭವಾದದ್ದು 1939ರಲ್ಲಿ. ದೇಶದ ಅಟಾರ್ನಿ ಜನರಲ್ ಆಗಿದ್ದ ಕೆ.ಕೆ. ವೇಣುಗೋಪಾಲ್ ಓದಿದ್ದು ಇಲ್ಲಿಯೇ. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವೂ ಸ್ಥಾಪನೆಯಾಯಿತು.

ಪ್ರವೇಶದ ಸಮಯದಲ್ಲಿ ಪಾಲಕರು ಶುಲ್ಕ ಎಷ್ಟು, ಹಾಸ್ಟೆಲ್ ಇದೆಯೇ, ಖಾನಾಪುರದಿಂದ ದಿನಾ ಓಡಾಡಬಹುದೇ ಎಂದು ಕೇಳುತ್ತಾರೆ. ಗ್ರಂಥಾಲಯದಲ್ಲಿ ಏನಿದೆ ಎಂದು ಕೇಳುವವರು ಕಡಿಮೆ. ಕಾನೂನು ಓದುವವನಿಗೆ ಗ್ರಂಥಾಲಯವೇ ಪ್ರಯೋಗಶಾಲೆ.

ಕಪಾಟಿನಿಂದ ಪರದೆಗೆ

ಹಿಂದೆ ವಕೀಲರ ಕಚೇರಿ ಎಂದರೆ ಗೋಡೆ ತುಂಬ ದಪ್ಪ ರಟ್ಟಿನ ಸಂಪುಟಗಳು. ನಾಗಪುರದ 'ಆಲ್ ಇಂಡಿಯಾ ರಿಪೋರ್ಟರ್' 1914ರಿಂದೀಚಿನ ತೀರ್ಪುಗಳನ್ನು ಒಳಗೊಂಡಿದೆ. ಲಖನೌದ 'ಸುಪ್ರೀಂ ಕೋರ್ಟ್ ಕೇಸಸ್' ಶುರುವಾದದ್ದು 1969ರಲ್ಲಿ. ಇವುಗಳ ಪೂರ್ತಿ ಸಾಲನ್ನು ಕೊಂಡು ಇಟ್ಟುಕೊಳ್ಳುವುದು ತಾಲ್ಲೂಕು ಕೇಂದ್ರದ ಹೊಸ ವಕೀಲನಿಗೆ ಆಗದ ಮಾತಾಗಿತ್ತು.

ಈಗ ಆ ಸಂಪುಟಗಳೆಲ್ಲ ಗಣಕದ ಪರದೆಗೆ ಬಂದಿವೆ. ಎಸ್‌ಸಿಸಿ ಆನ್‌ಲೈನ್, ಮನುಪಾತ್ರ, ಎಐಆರ್ ಆನ್‌ಲೈನ್ ಮುಂತಾದವು ಚಂದಾ ಕಟ್ಟಿ ಬಳಸುವ ಮಾಹಿತಿ ಭಂಡಾರಗಳು. ವಿದ್ಯಾರ್ಥಿಯೊಬ್ಬನಿಗೆ ಈ ಚಂದಾ ಭಾರವಾದೀತು. ಕಾನೂನು ವಿಶ್ವವಿದ್ಯಾಲಯ ಅಥವಾ ಕಾಲೇಜಿನ ಗ್ರಂಥಾಲಯ ಚಂದಾ ಕಟ್ಟಿದ್ದರೆ ಅಲ್ಲಿನ ವಿದ್ಯಾರ್ಥಿಗಳೆಲ್ಲ ಅದನ್ನು ಬಳಸಬಹುದು. ಯಾವ ಭಂಡಾರಕ್ಕೆ ಚಂದಾ ಇದೆ, ಕಾಲೇಜಿನ ಆವರಣದಲ್ಲಿ ಮಾತ್ರ ತೆರೆಯುತ್ತದೆಯೋ ಮನೆಯಿಂದಲೂ ತೆರೆಯುತ್ತದೆಯೋ ಎಂಬುದನ್ನು ಮೊದಲ ವಾರದಲ್ಲೇ ಗ್ರಂಥಪಾಲಕರಲ್ಲಿ ವಿಚಾರಿಸಬೇಕು. ದಿನಾ ಖಾನಾಪುರದ ಬಸ್ಸು ಹಿಡಿಯುವ ಹುಡುಗಿಗೆ ಈ ವ್ಯತ್ಯಾಸ ದೊಡ್ಡದು.

ಒಂದು ತೀರ್ಪಿನ ಬೆನ್ನು ಹತ್ತಿ

ತೀರ್ಪು ಕೈಗೆ ಸಿಕ್ಕರೆ ಕೆಲಸ ಮುಗಿಯಿತೇ? ಪಾಲಕರೆಲ್ಲರಿಗೂ ಸಂಬಂಧಿಸಿದ ಉದಾಹರಣೆಯನ್ನೇ ನೋಡೋಣ.

ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಗೆ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಪ್ರವೇಶ ಬೇಕಿತ್ತು. ಹೊರರಾಜ್ಯದವರಿಗೆ ವರ್ಷಕ್ಕೆ 60,000 ರೂಪಾಯಿ ಶುಲ್ಕ ಗೊತ್ತಾಗಿತ್ತು. ಆಕೆ ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈ 30ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ, ಶಿಕ್ಷಣ ಮೂಲಭೂತ ಹಕ್ಕು, ಕ್ಯಾಪಿಟೇಶನ್ ಶುಲ್ಕ ಅಕ್ರಮ ಎಂದು ತೀರ್ಪಿತ್ತಿತು. ಇದು 'ಎಐಆರ್ 1992 ಎಸ್‌ಸಿ 1858' ಎಂದೂ '(1992) 3 ಎಸ್‌ಸಿಸಿ 666' ಎಂದೂ ದಾಖಲಾಗಿದೆ. ಎರಡೂ ಒಂದೇ ತೀರ್ಪಿನ ಎರಡು ವಿಳಾಸಗಳು: ವರ್ಷ, ಗ್ರಂಥಮಾಲೆ, ಪುಟ.

ಇಷ್ಟನ್ನೇ ಓದಿ ಎದ್ದು ಬಂದ ವಿದ್ಯಾರ್ಥಿ ಎಡವುತ್ತಾನೆ. ಏಕೆಂದರೆ 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರ ಪೀಠ ಆ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು. ಅನಂತರದ ಶಿಕ್ಷಣ ಸರ್ಕಾರದ ಆರ್ಥಿಕ ಶಕ್ತಿಗೆ ಒಳಪಟ್ಟದ್ದು ಎಂದಿತು. ವೃತ್ತಿ ಕಾಲೇಜುಗಳಿಗೆ ಉಚಿತ ಸೀಟು, ಹಣ ಕಟ್ಟುವ ಸೀಟು ಎಂಬ ಯೋಜನೆಯನ್ನೂ ಹಾಕಿಕೊಟ್ಟಿತು. 2002ರಲ್ಲಿ ಕರ್ನಾಟಕದ್ದೇ ಆದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಈ ಯೋಜನೆಯನ್ನು ತೆಗೆದುಹಾಕಿತು. ಆದರೆ ಶಿಕ್ಷಣದಲ್ಲಿ ಲಾಭಕೋರತನ, ಕ್ಯಾಪಿಟೇಶನ್ ಶುಲ್ಕ ಸಲ್ಲದು ಎಂಬ ಮಾತನ್ನು ಉಳಿಸಿತು. 2003ರಲ್ಲಿ ಇಸ್ಲಾಮಿಕ್ ಅಕಾಡೆಮಿ, 2005ರಲ್ಲಿ ಇನಾಮದಾರ್ ಪ್ರಕರಣಗಳು ಅದನ್ನು ಮತ್ತೆ ವಿವರಿಸಿದವು. ಇದೇ ಅವಧಿಯಲ್ಲಿ, 2002ರ ಸಂವಿಧಾನ ತಿದ್ದುಪಡಿಯಿಂದ, 6ರಿಂದ 14 ವರ್ಷದ ಮಕ್ಕಳ ಶಿಕ್ಷಣದ ಹಕ್ಕು ಸಂವಿಧಾನದ 21ಎ ವಿಧಿಯಾಗಿ ಸೇರಿತು.

ವಿಜ್ಞಾನದಲ್ಲೂ ಹೀಗೆಯೇ. 2006ಕ್ಕಿಂತ ಹಿಂದಿನ ಪಠ್ಯಪುಸ್ತಕ ತೆರೆದರೆ ಗ್ರಹಗಳು ಒಂಬತ್ತು. ಪುಸ್ತಕ ಸುಳ್ಳು ಹೇಳುತ್ತಿಲ್ಲ. ಪ್ಲೂಟೋವನ್ನು ಆಮೇಲೆ ಪಟ್ಟಿಯಿಂದ ಕೈಬಿಡಲಾಯಿತು, ಅಷ್ಟೆ. ಮಕ್ಕಳಿಗೆ ನಾವು ಹೇಳಿಕೊಡುವುದು ಉತ್ತರದ ಜೊತೆ ಅದರ ಕಾಲವನ್ನೂ ನೋಡಬೇಕೆಂದು. ತೀರ್ಪಿಗೂ ಅದೇ ನಿಯಮ.

ಅಚ್ಚಾದ ಸಂಪುಟಕ್ಕೆ ತನ್ನ ಮುಂದಿನ ಗತಿ ಗೊತ್ತಿರುವುದಿಲ್ಲ. ಗಣಕದ ಭಂಡಾರವಾದರೋ ಈ ತೀರ್ಪನ್ನು ಆಮೇಲೆ ಯಾರು ಉಲ್ಲೇಖಿಸಿದರು, ಯಾರು ಎತ್ತಿಹಿಡಿದರು, ಯಾರು ತಳ್ಳಿಹಾಕಿದರು ಎಂಬುದನ್ನು ಒಂದೆಡೆ ತೋರಿಸುತ್ತದೆ. ಚಂದಾ ಕಟ್ಟುವುದರ ನಿಜವಾದ ಬೆಲೆ ಇಲ್ಲಿದೆ. ಸಂಪಾದಕರು ಬರೆದ ಹೆಡ್‌ನೋಟ್ ಕೂಡ ಸಿಗುತ್ತದೆ. ಆದರೆ ಅದು ತೀರ್ಪಲ್ಲ, ತೀರ್ಪಿನ ಸಾರಾಂಶ. ಗೈಡು ಓದಿ ಪಠ್ಯ ಬಿಟ್ಟಂತಾಗಬಾರದು.

ಹಣವಿಲ್ಲದೆ ಸಿಗುವುದು

ಪದವಿ ಮುಗಿದ ಮೇಲೆ ಗ್ರಂಥಾಲಯದ ಸೌಲಭ್ಯ ಸಾಮಾನ್ಯವಾಗಿ ನಿಂತುಹೋಗುತ್ತದೆ. ಖಾನಾಪುರದ ನ್ಯಾಯಾಲಯದಲ್ಲಿ ಕರಿಕೋಟು ಹಾಕಿ ನಿಲ್ಲುವ ಹೊಸಬ ಆಗ ಏನು ಮಾಡಬೇಕು? ಉಚಿತ ದಾರಿಗಳೂ ಇವೆ. 2008ರಲ್ಲಿ ಆರಂಭವಾದ 'ಇಂಡಿಯನ್ ಕಾನೂನ್' ತಾಣದಲ್ಲಿ ಕಾಯ್ದೆ, ತೀರ್ಪು ಎರಡನ್ನೂ ಹುಡುಕಬಹುದು. ಮುಂದೆ ಎಲ್ಲಿ ಉಲ್ಲೇಖವಾಗಿದೆ ಎಂಬ ಪಟ್ಟಿಯೂ ಇದೆ. ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ತನ್ನ ಅಧಿಕೃತ ವರದಿಗಳನ್ನು 'ಇ-ಎಸ್‌ಸಿಆರ್' ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಅನೇಕ ತೀರ್ಪುಗಳ ಕನ್ನಡ ಅನುವಾದವೂ ದೊರೆಯುತ್ತದೆ. ಅರ್ಥ ಮಾಡಿಕೊಳ್ಳಲು ಇದು ಬಹಳ ಉಪಯುಕ್ತ. ಅಧಿಕೃತ ಪಾಠ ಮಾತ್ರ ಇಂಗ್ಲಿಷಿನದೇ.

ಧಾರವಾಡದಲ್ಲಿ ಹೈಕೋರ್ಟ್ ಪೀಠ 2008ರಲ್ಲಿ ಬಂದು 2013ರಲ್ಲಿ ಕಾಯಂ ಆದದ್ದರಿಂದ ಬೆಳಗಾವಿಯವರಿಗೆ ಬೆಂಗಳೂರಿನ ಅಲೆದಾಟ ತಪ್ಪಿತು. ಈಚಿನ ತೀರ್ಪುಗಳ ಸಂಖ್ಯೆಯಲ್ಲಿ 'ಕೆಎಚ್‌ಸಿ-ಡಿ' ಎಂದಿದ್ದರೆ ಅದು ಧಾರವಾಡ ಪೀಠದ್ದೆಂದು ತಿಳಿಯಬೇಕು.

ನಾಲ್ಕು ಪ್ರಶ್ನೆಗಳು

ಕೇಳಿದೊಡನೆ ಉತ್ತರ ಬರೆದುಕೊಡುವ ಯಂತ್ರಬುದ್ಧಿಯ ಕಾಲವಿದು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಅದು ಕೊಟ್ಟ ತೀರ್ಪುಗಳನ್ನು ನಂಬಿ ನ್ಯಾಯಾಲಯಕ್ಕೆ ಒಪ್ಪಿಸಿದರು. ಅಂಥ ಪ್ರಕರಣಗಳೇ ಇರಲಿಲ್ಲ; 5,000 ಡಾಲರ್ ದಂಡ ಬಿತ್ತು. ಯಂತ್ರ ಹೇಳಿದ್ದನ್ನು ಭಂಡಾರದಲ್ಲಿ ತೆರೆದು ಕಣ್ಣಾರೆ ನೋಡಿದ್ದರೆ ಈ ಅವಮಾನ ತಪ್ಪುತ್ತಿತ್ತು.

ಆದ್ದರಿಂದ ವಿದ್ಯಾರ್ಥಿಗಳು ಪ್ರತಿ ತೀರ್ಪಿಗೂ ನಾಲ್ಕು ಪ್ರಶ್ನೆ ಹಾಕುವ ರೂಢಿ ಮಾಡಿಕೊಳ್ಳಲಿ. ಇದು ನಿಜವಾಗಿ ಇದೆಯೇ? ಯಾವ ನ್ಯಾಯಾಲಯದ್ದು, ಎಷ್ಟು ನ್ಯಾಯಮೂರ್ತಿಗಳದ್ದು? ನಾನು ಪೂರ್ತಿ ಓದಿದ್ದೇನೆಯೇ? ಇಂದಿಗೂ ನಿಂತಿದೆಯೇ? ಪಾಲಕರೂ ಕಾಲೇಜು ನೋಡಲು ಹೋದಾಗ ಗ್ರಂಥಾಲಯದ ಬಾಗಿಲು ದಾಟಿ ಒಳಗೆ ಹೋಗಲಿ. ನಾಳೆ ನಿಮ್ಮ ಮಗನನ್ನೋ ಮಗಳನ್ನೋ ನಂಬಿ ಬರುವ ಕಕ್ಷಿದಾರ ಜಮೀನಿನ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಬಂದಿರುತ್ತಾನೆ. ತಳ್ಳಿಹಾಕಿದ ತೀರ್ಪೊಂದರ ಮೇಲೆ ಅವನ ಮೊಕದ್ದಮೆ ನಿಲ್ಲಬಾರದು.